ಘಟಪ್ರಭೆಯ ಕುರಿಹಟ್ಟಿ ಮತ್ತು ಅದರ ಕಾವಲು ನಾಯಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದು ಚರಿತ್ರೆ

ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಘಟಪ್ರಭಾ ನದಿಯು ಹುಕ್ಕೇರಿ ತಾಲೂಕಿನ ಹಿಡಕಲ್ ಬಳಿ ಗುಡ್ಡಗಳ ನಡುವೆ ಹಾಯ್ದು, ಗೋಕಾಕದ ಮರಳುಗಲ್ಲಿನ ಬಂಡೆಗಳ ಮೇಲಿಂದ ಸುಮಾರು 52 ಮೀಟರ್ ಕೆಳಗೆ ಧುಮುಕಿ, ಮೂಡಲಗಿಯ ಎರೆಹೊಲಗಳ ಸೀಮೆಯನ್ನು ಬಳಸಿಕೊಂಡು ಮುಧೋಳದ ಕಡೆಗೆ ಸಾಗುತ್ತದೆ. ನದಿಯ ಈ ಹಾದಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಇಳಿಮುಖವಾಗುತ್ತದೆ. ಹುಕ್ಕೇರಿಯ ಪಶ್ಚಿಮದಂಚಿನಲ್ಲಿ ಸಹ್ಯಾದ್ರಿಯ ಮಳೆಯ ಕೊನೆಯ ಸೆರಗು ತಾಗುತ್ತದೆಯಾದರೆ, ಗೋಕಾಕದ ಗುಡ್ಡಗಳಿಂದಾಚೆಗೆ ಜಾಲಿ, ಕಾರೆ, ಕವಳಿ ಗಿಡಗಳ ಕುರುಚಲು ಕಾಡು ಮತ್ತು ಒಣಹುಲ್ಲಿನ ಬಯಲು ಆರಂಭವಾಗುತ್ತವೆ. ಬೇಸಾಯಕ್ಕೆ ನೆಚ್ಚಿಕೊಳ್ಳಲಾಗದ ಇಂತಹ ನೆಲದಲ್ಲಿ ಕುರಿಸಾಕಣೆಯು ಶತಮಾನಗಳ ಕಾಲ ಬದುಕಿನ ಆಧಾರವಾಗಿ ಉಳಿಯಿತು, ಮತ್ತು ಕುರಿ ಇದ್ದಲ್ಲಿ ತೋಳ, ತೋಳ ಇದ್ದಲ್ಲಿ ನಾಯಿ ಇರಲೇಬೇಕಾಯಿತು.

ಈ ನದೀಕಣಿವೆಗೆ ಸೇರಿದ ನಾಯಿ ಎಂದೊಡನೆ ಓದುಗರಿಗೆ ನೆನಪಾಗುವುದು ಮುಧೋಳದ ಬೇಟೆನಾಯಿ. ಅದರ ಕೀರ್ತಿ ಸಹಜವಾದದ್ದೇ. ಆದರೆ ಅದೇ ನದಿಯ ಮೇಲ್ಹರಿವಿನ ಗುಡ್ಡಗಾಡಿನಲ್ಲಿ, ಕುರುಬರ ಹಟ್ಟಿಯ ಸುತ್ತ ರಾತ್ರಿಯಿಡೀ ಎಚ್ಚರವಿದ್ದು ಹಿಂಡನ್ನು ಉಳಿಸಿಕೊಂಡು ಬಂದ ಮತ್ತೊಂದು ಬಗೆಯ ನಾಯಿಗೆ ಪುಸ್ತಕಗಳಲ್ಲಿ ಸ್ಥಾನ ಸಿಕ್ಕಿದ್ದು ತೀರ ಕಡಿಮೆ. ಒಂದಕ್ಕೆ ಅರಮನೆಯ ಆಶ್ರಯ ದೊರೆಯಿತು, ಇನ್ನೊಂದಕ್ಕೆ ಹಟ್ಟಿಯೇ ಆಶ್ರಯವಾಯಿತು. ದಾಖಲೆಗಳು ಅರಮನೆಯಲ್ಲಿ ಹುಟ್ಟುವುದರಿಂದ ನಾಯಿಯ ಚರಿತ್ರೆಯೂ ಅರಮನೆಯ ಚರಿತ್ರೆಯಾಗಿ ಬರೆಯಲ್ಪಟ್ಟಿತು. ಈ ಸೀಮೆಯ ನಾಯಿಯನ್ನು ಅರಿಯಬೇಕಾದರೆ ಕುರಿಹಟ್ಟಿಯಿಂದಲೇ ಆರಂಭಿಸುವುದು ನ್ಯಾಯ.

ಕುರಿಗಾರರ ನಾಯಿಗಳಲ್ಲಿ ಜಗತ್ತಿನಾದ್ಯಂತ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದು ಹಿಂಡನ್ನು ಅಟ್ಟುವ ನಾಯಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಗುಡ್ಡಗಳಲ್ಲಿ ಬೆಳೆದ ಬಾರ್ಡರ್ ಕೋಲಿ ಇದಕ್ಕೆ ಪ್ರಸಿದ್ಧ ಉದಾಹರಣೆಯಾಗಿದ್ದು, ಅದು ಮೈ ತಗ್ಗಿಸಿ, ಕಣ್ಣು ನೆಟ್ಟು, ಒಡೆಯನ ಸಿಳ್ಳಿಗೆ ತಕ್ಕಂತೆ ಕುರಿಗಳನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತದೆ. ಎರಡನೆಯದು ಹಿಂಡನ್ನು ಕಾಯುವ ನಾಯಿ. ಅದು ಕುರಿಗಳನ್ನು ಅಟ್ಟುವುದಿಲ್ಲ, ಅವುಗಳ ನಡುವೆಯೇ ಬೆಳೆದು ಅವುಗಳನ್ನು ತನ್ನವೆಂದು ಭಾವಿಸಿ ಹೊರಗಿನ ಪ್ರಾಣಿಯನ್ನು ಎದುರಿಸುತ್ತದೆ. ಹಿಮಾಚಲ ಪ್ರದೇಶದ ಗದ್ದಿ ಕುರಿಗಾರರ ನಾಯಿ ಈ ಎರಡನೆಯ ಬಗೆಗೆ ಸೇರಿದ್ದು, ಚಿರತೆಯ ಬಾಯಿಗೆ ಕುತ್ತಿಗೆ ಸಿಗದಂತೆ ಅದಕ್ಕೆ ಮುಳ್ಳುಗಳಿರುವ ಕಬ್ಬಿಣದ ಪಟ್ಟಿಯನ್ನು ತೊಡಿಸುವ ರೂಢಿಯಿದೆ. ಜಮ್ಮು ಮತ್ತು ಕಾಶ್ಮೀರದ ಬಕರ್ವಾಲರ ನಾಯಿಯೂ ಇಂಥದ್ದೇ. ಅವು ದಟ್ಟ ರೋಮದ, ಭಾರವಾದ ಮೈಕಟ್ಟಿನ ನಾಯಿಗಳು, ಏಕೆಂದರೆ ಹಿಮದಲ್ಲಿ ಮಲಗಿ ಚಿರತೆ, ಕರಡಿಗಳನ್ನು ಎದುರಿಸಬೇಕಾದ ಕೆಲಸ ಅವುಗಳದು.

ದಖ್ಖನಿನ ಕುರಿಗಾರರ ನಾಯಿಯೂ ಕಾವಲಿನ ನಾಯಿಯೇ, ಅಟ್ಟುವ ನಾಯಿಯಲ್ಲ. ಇಲ್ಲಿ ಹಿಂಡನ್ನು ನಡೆಸುವವನು ಮನುಷ್ಯ. ನಾಲಗೆ ಹಾಗೂ ತುಟಿಗಳಿಂದ ಹೊರಡಿಸುವ ಹಲವು ಬಗೆಯ ಸದ್ದು, ಸಿಳ್ಳು, ಹೆಗಲ ಮೇಲಿನ ಕೋಲು ಮತ್ತು ಹಿಂಡಿನ ಮುಂದೆ ನಡೆಯಲು ಪಳಗಿದ ಒಂದೆರಡು ಹೋತಗಳ ಸಹಾಯದಿಂದ ಅವನು ನೂರಾರು ಕುರಿಗಳನ್ನು ಬೆಳೆಯಿರುವ ಹೊಲಗಳ ನಡುವಿನ ಕಿರುದಾರಿಯಲ್ಲಿ ಒಂದು ಗರಿಗೂ ಬಾಯಿ ಹಾಕಗೊಡದೆ ದಾಟಿಸುತ್ತಾನೆ. ಹಗಲಿನಲ್ಲಿ ನಾಯಿ ಹಿಂಡಿನ ಹಿಂದೆ ಅಥವಾ ಅಂಚಿನಲ್ಲಿ ನಿರುದ್ಯೋಗಿಯಂತೆ ನಡೆಯುವುದನ್ನು ಕಂಡ ಹೊರಗಿನವರು ಅದನ್ನು ಬೀದಿನಾಯಿಯೆಂದೇ ಬಗೆದರು. ಅದರ ನಿಜವಾದ ದುಡಿಮೆ ಸೂರ್ಯ ಮುಳುಗಿದ ಮೇಲೆ ಶುರುವಾಗುತ್ತದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಈ ಸೀಮೆಯ ಕುರಿಗಾರರು ಬಹುಪಾಲು ಹಾಲುಮತದ ಕುರುಬರು. ಮಹಾರಾಷ್ಟ್ರದ ಗಡಿಯತ್ತ ಇದೇ ವೃತ್ತಿಯ ಧನಗರರೂ ಅದೇ ಮೇವಿನ ಹಾದಿಗಳನ್ನು ಬಳಸುತ್ತಾರೆ. ಅವರು ಸಾಕಿಕೊಂಡು ಬಂದ ದಖ್ಖನಿ ಕುರಿಯು ಕಪ್ಪು ಬಣ್ಣದ ಒರಟು ಉಣ್ಣೆಯ ತಳಿಯಾಗಿದ್ದು, ದೂರ ನಡೆಯುವ ಶಕ್ತಿಯೂ ಒಣಮೇವಿನಲ್ಲಿ ಬದುಕುವ ಗುಣವೂ ಅದಕ್ಕೆ ಇವೆ. ವರ್ಷಕ್ಕೆ ಎರಡು ಸಲ ಕತ್ತರಿಸುವ ಅದರ ಉಣ್ಣೆಯಿಂದಲೇ ಕಂಬಳಿ ನೇಯಲಾಗುತ್ತಿತ್ತು. ಆದರೆ ಜಡಿಮಳೆಯ ಕೆಸರು ಈ ಕುರಿಗೆ ಒಗ್ಗದು. ಗೊರಸು ಕೊಳೆತು, ಉಣ್ಣೆ ತೊಯ್ದು ರೋಗ ಬೀಳುತ್ತದೆ. ಆದುದರಿಂದ ಮಳೆಗಾಲದಲ್ಲಿ ಹಿಂಡುಗಳು ಪೂರ್ವದ ಒಣಬಯಲಿನಲ್ಲಿ ಉಳಿಯುತ್ತಿದ್ದವು, ಸುಗ್ಗಿ ಮುಗಿದು ಹೊಲಗಳು ತೆರವಾದ ಮೇಲೆ ಪಶ್ಚಿಮದ ಭತ್ತದ ಸೀಮೆಯತ್ತ ಸರಿಯುತ್ತಿದ್ದವು. ದಾರಿಯಲ್ಲಿ ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬುವ ಪದ್ಧತಿ, ಅಂದರೆ ಹಿಂಡನ್ನು ಹೊಲದಲ್ಲಿಯೇ ಕೂಡಿಹಾಕಿ ಅದರ ಹಿಕ್ಕೆ, ಗಂಜಳಗಳು ನೆಲಕ್ಕೆ ಗೊಬ್ಬರವಾಗುವಂತೆ ಮಾಡುವ ಪದ್ಧತಿ, ಒಕ್ಕಲಿಗನಿಗೂ ಕುರಿಗಾರನಿಗೂ ನಡುವಿನ ಹಳೆಯ ಒಪ್ಪಂದವಾಗಿತ್ತು. ಇದಕ್ಕೆ ಪ್ರತಿಯಾಗಿ ಕಾಳುಕಡಿ, ಕೆಲವೊಮ್ಮೆ ಹಣ ಸಲ್ಲುತ್ತಿತ್ತು. ಈ ಒಪ್ಪಂದದಲ್ಲಿ ನಾಯಿಯ ಹೆಸರು ಎಲ್ಲಿಯೂ ಬರುವುದಿಲ್ಲವಾದರೂ, ಊರಿನಿಂದ ದೂರದ ಹೊಲದಲ್ಲಿ ಗೋಡೆಯಿಲ್ಲದ ದಡ್ಡಿಯಲ್ಲಿ ಕುರಿಗಳನ್ನು ರಾತ್ರಿಯಿಡೀ ನಿಲ್ಲಿಸುವುದು ಅದರಿಂದಾಗಿಯೇ ಸಾಧ್ಯವಾಗುತ್ತಿತ್ತು.

ಇಂತಹ ರಾತ್ರಿಯ ವ್ಯವಸ್ಥೆಯನ್ನು ಹತ್ತಿರದಿಂದ ಗಮನಿಸಿದರೆ ನಾಯಿಯ ಸ್ಥಾನ ಸ್ಪಷ್ಟವಾಗುತ್ತದೆ. ಗೂಟಗಳಿಗೆ ಹಗ್ಗದ ಬಲೆಯನ್ನು ಕಟ್ಟಿ ಮಾಡಿದ ಆವರಣದೊಳಗೆ ಕುರಿಗಳು ಒತ್ತಾಗಿ ಮಲಗುತ್ತವೆ; ಅಂದಂದೇ ಹುಟ್ಟಿದ ಮರಿಗಳನ್ನು ಬಿಡಾರದ ಬಳಿ ಬುಟ್ಟಿಯ ಕೆಳಗೆ ಮುಚ್ಚಿಡಲಾಗುತ್ತದೆ; ಸಾಮಾನು ಹೊರುವ ತಟ್ಟುಕುದುರೆಯ ಕಾಲಿಗೆ ಹಗ್ಗ ಬಿಗಿಯಲಾಗುತ್ತದೆ; ಕುರಿಗಾರರು ಕಂಬಳಿ ಹೊದ್ದು ಆವರಣದ ಬೇರೆ ಬೇರೆ ಮೂಲೆಗಳಲ್ಲಿ ಒರಗುತ್ತಾರೆ. ನಾಯಿಗಳನ್ನು ಮಾತ್ರ ಕಟ್ಟುವುದಿಲ್ಲ. ಅವು ಬಲೆಯಿಂದ ತುಸು ದೂರದಲ್ಲಿ ತಮ್ಮ ತಮ್ಮ ದಿಕ್ಕನ್ನು ಹಂಚಿಕೊಂಡಂತೆ ಮಲಗುತ್ತವೆ, ಒಂದು ಬೊಗಳಿದರೆ ಉಳಿದವು ಎದ್ದು ನಿಲ್ಲುತ್ತವೆ. ದಾರಿಹೋಕನನ್ನು ಕಂಡಾಗಿನ ಬೊಗಳು, ನರಿಯನ್ನು ಕಂಡಾಗಿನ ಬೊಗಳು ಹಾಗೂ ತೋಳದ ವಾಸನೆ ಹತ್ತಿದಾಗಿನ ಬೊಗಳು ಒಂದೇ ರೀತಿ ಇರುವುದಿಲ್ಲವೆಂದೂ, ನಿದ್ದೆಯಲ್ಲಿಯೂ ಆ ವ್ಯತ್ಯಾಸ ಕಿವಿಗೆ ಬೀಳುತ್ತದೆಂದೂ ಕುರಿಗಾರರು ಹೇಳುತ್ತಾರೆ.

ಅವರ ಎದುರಾಳಿಯಾದ ಭಾರತದ ಬೂದುತೋಳವು ದಟ್ಟ ಕಾಡಿನ ಪ್ರಾಣಿಯಲ್ಲ, ಹುಲ್ಲುಗಾವಲು ಮತ್ತು ಕುರುಚಲು ಬಯಲಿನ ಪ್ರಾಣಿ. ಹಿಮಾಲಯದ ತೋಳಕ್ಕಿಂತ ಚಿಕ್ಕದಾದ, ತೆಳುರೋಮದ ಈ ಪ್ರಾಣಿಯು ಕೃಷ್ಣಮೃಗ, ಚಿಂಕಾರ, ಮೊಲಗಳು ಯಥೇಚ್ಛವಾಗಿದ್ದ ಕಾಲದಲ್ಲಿ ಅವುಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿತ್ತು. ಬಯಲು ಹೊಲವಾಗಿ, ಜಿಂಕೆಗಳು ವಿರಳವಾದಂತೆ ಕುರಿಹಿಂಡೇ ಅದಕ್ಕೆ ಪ್ರಧಾನ ಆಹಾರವಾಯಿತು. ಒಂದು ತೋಳ ಎದುರಿಗೆ ಕಾಣಿಸಿಕೊಂಡು ನಾಯಿಗಳನ್ನು ದೂರಕ್ಕೆ ಸೆಳೆದುಕೊಂಡು ಹೋಗುವುದು, ಆ ಹೊತ್ತಿಗೆ ಮತ್ತೊಂದು ತೋಳ ಇನ್ನೊಂದು ಬದಿಯಿಂದ ನುಗ್ಗಿ ಮರಿಯನ್ನು ಎತ್ತುವುದು ದಖ್ಖನಿನ ಕುರಿಗಾರರೆಲ್ಲರೂ ವಿವರಿಸುವ ತಂತ್ರ. ಈ ತಂತ್ರಕ್ಕೆ ಮಣಿಯದ ನಾಯಿಯೇ ಅವರ ದೃಷ್ಟಿಯಲ್ಲಿ ಒಳ್ಳೆಯ ನಾಯಿ. ಓಡಿಸಿಕೊಂಡು ಬಹುದೂರ ಹೋಗುವ ನಾಯಿ ಎಷ್ಟೇ ಧೈರ್ಯದ್ದಾದರೂ ಹಿಂಡಿಗೆ ನಷ್ಟವನ್ನೇ ತರುತ್ತದೆ. ಒಂದಷ್ಟು ದೂರ ಅಟ್ಟಿ, ಸರಕ್ಕನೆ ಹಿಂತಿರುಗಿ ಹಟ್ಟಿಯ ಅಂಚಿಗೆ ಬಂದು ನಿಲ್ಲುವ ನಾಯಿ ಹಿಂಡನ್ನು ಉಳಿಸುತ್ತದೆ. ಬೇಟೆನಾಯಿಗೂ ಕಾವಲಿನ ನಾಯಿಗೂ ಇರುವ ಮೂಲ ಭೇದ ಇಲ್ಲಿಯೇ ಇದ್ದು, ಮೊದಲನೆಯದಕ್ಕೆ ಬೆನ್ನಟ್ಟುವುದೇ ಗುಣ, ಎರಡನೆಯದಕ್ಕೆ ಬೆನ್ನಟ್ಟುವುದನ್ನು ನಿಲ್ಲಿಸಬಲ್ಲ ವಿವೇಕವೇ ಗುಣ.

ಹಟ್ಟಿಯ ನಾಯಿಗಳ ರೂಪದಲ್ಲಿ ಏಕರೂಪತೆ ಇಲ್ಲದಿರುವುದಕ್ಕೆ ಕಾರಣವೂ ಇದೇ. ಕಂದು, ಕಪ್ಪು, ಬೂದು, ಬಿಳಿಮಚ್ಚೆಯ ಮೈ, ಮಡಿಸಿದ ಅಥವಾ ಅರೆನಿಮಿರಿದ ಕಿವಿ, ಸುರುಳಿ ಬಾಲ ಅಥವಾ ಇಳಿಬಾಲ ಹೀಗೆ ಎಲ್ಲವೂ ಒಂದೇ ಹಿಂಡಿನ ನಾಯಿಗಳಲ್ಲಿ ಕಾಣಸಿಗುತ್ತವೆ. ಬಿಸಿಲಿನ ನಾಡಿಗೆ ತಕ್ಕಂತೆ ರೋಮ ಗಿಡ್ಡವಾಗಿಯೂ ಮೈ ಮಧ್ಯಮ ಗಾತ್ರದ್ದಾಗಿಯೂ ಇರುತ್ತದೆ. ಕುರಿಗಾರರು ಬಣ್ಣ, ಎತ್ತರಗಳನ್ನು ನೋಡಿ ಆರಿಸಿದವರಲ್ಲ, ನಡತೆಯನ್ನು ನೋಡಿ ಆರಿಸಿದವರು. ಹಿಂಡಿನ ಮಗ್ಗುಲಲ್ಲೇ ಈದ ಹೆಣ್ಣುನಾಯಿಯ ಕುನ್ನಿಗಳು ಕುರಿಮರಿಗಳ ಜೊತೆಯಲ್ಲಿಯೇ ಕಣ್ಣು ತೆರೆಯುತ್ತವೆ. ಆಡಿನ ಹಾಲು, ಮಜ್ಜಿಗೆ, ಜೋಳದ ನುಚ್ಚು, ಒಣರೊಟ್ಟಿ ಅವುಗಳ ಆಹಾರ. ಆಟವಾಡುತ್ತ ಮರಿಯನ್ನು ಕಚ್ಚುವ, ಸತ್ತ ಕುರಿಯ ರಕ್ತದ ರುಚಿ ಹತ್ತಿಸಿಕೊಳ್ಳುವ, ಗುಡುಗಿಗೆ ಬೆದರಿ ಹಟ್ಟಿ ಬಿಡುವ ನಾಯಿ ಹಿಂಡಿನಲ್ಲಿ ಉಳಿಯಲಾರದು. ಪ್ರತಿ ತಲೆಮಾರಿನಲ್ಲಿಯೂ ಹೀಗೆ ಜರಡಿ ಹಿಡಿಯುತ್ತ ಬಂದುದರಿಂದ, ಹೊರನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಸ್ವಭಾವದಲ್ಲಿ ಒಂದೇ ಆದ ನಾಯಿಯೊಂದು ರೂಪುಗೊಂಡಿತು. ಇದನ್ನು ತಳಿ ಎನ್ನಬಹುದೇ ಎಂಬ ಪ್ರಶ್ನೆಗೆ ಉತ್ತರವು ತಳಿಯೆಂಬುದನ್ನು ಚರ್ಮ, ಕಿವಿ, ಬಾಲಗಳಿಂದ ಅಳೆಯುತ್ತೇವೆಯೋ ಕೆಲಸದಿಂದ ಅಳೆಯುತ್ತೇವೆಯೋ ಎಂಬುದನ್ನು ಅವಲಂಬಿಸಿದೆ. ಕೆಲಸದಿಂದ ಅಳೆದರೆ ಇದು ನಿಸ್ಸಂಶಯವಾಗಿ ಒಂದು ತಳಿ.

ಮುಧೋಳದ ನಾಯಿಯ ಕತೆ ಬೇರೆ ಬಗೆಯದು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯವೂ, ಅದು ಒಡೆದ ಮೇಲೆ 1490ರ ಸುಮಾರಿನಿಂದ 1686ರವರೆಗೆ ವಿಜಯಪುರದಿಂದ ಆಳಿದ ಆದಿಲ್‌ಶಾಹಿ ಮನೆತನವೂ ತಮ್ಮ ಸೈನ್ಯಕ್ಕಾಗಿ ಅರಬಸ್ತಾನ ಮತ್ತು ಪರ್ಷಿಯಾಗಳಿಂದ ಕುದುರೆಗಳನ್ನು ತರಿಸುತ್ತಿದ್ದವು. ಪಶ್ಚಿಮ ಕರಾವಳಿಯ ಗೋವೆ, ದಾಭೋಳ, ಚೌಲ್ ಮುಂತಾದ ಬಂದರುಗಳಲ್ಲಿ ಇಳಿದ ಆ ಕುದುರೆಗಳು ಘಟ್ಟವನ್ನೇರಿ ಒಳನಾಡಿಗೆ ಬರುತ್ತಿದ್ದವು. ಹುಕ್ಕೇರಿಯಲ್ಲಿ ಇಂದಿಗೂ ಉಳಿದಿರುವ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಆ ಊರು ಅಂದಿನ ಆಡಳಿತದಲ್ಲಿ ಪಡೆದಿದ್ದ ಮಹತ್ವಕ್ಕೆ ಸಾಕ್ಷಿಯಾಗಿವೆ. ಕುದುರೆಗಳ ಜೊತೆಯಲ್ಲಿಯೇ ಸಲೂಕಿಯನ್ನು ಹೋಲುವ, ಉದ್ದಕಾಲಿನ, ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ನಾಯಿಗಳೂ ವರ್ತಕರ ಸಾರ್ಥಗಳೊಂದಿಗೆ ಬಂದು, ಇಲ್ಲಿನ ನಾಯಿಗಳೊಡನೆ ಬೆರೆತು ಈ ತಳಿ ಹುಟ್ಟಿತೆಂಬುದು ಬಹುಮಾನ್ಯ ಅಭಿಪ್ರಾಯ. ಸಾರ್ಥಗಳ ನೆನಪಿನಿಂದಲೇ ಅದಕ್ಕೆ ಕಾರವಾನಿ ಎಂಬ ಹೆಸರೂ ರೂಢಿಯಲ್ಲಿದೆ.

ಈ ಅಭಿಪ್ರಾಯವನ್ನು ಒಪ್ಪುವಾಗ ಒಂದು ಎಚ್ಚರ ಅಗತ್ಯ. ಕರ್ನಾಟಕದಲ್ಲಿ ನಾಯಿಯನ್ನು ಪೋಷಿಸಿ ಬೆಳೆಸುವ ಕಲೆ ಸುಲ್ತಾನರೊಂದಿಗೆ ಬಂದದ್ದೆಂದು ಭಾವಿಸುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನ ಶಾಸನವು ಬಹಮನಿಗಳಿಗಿಂತ ಸುಮಾರು ನಾಲ್ಕು ಶತಮಾನಗಳಷ್ಟು ಹಿಂದಿನದು. ಶಕ 872ರ, ಅಂದರೆ ಕ್ರಿ.ಶ. 949-50ರ ಆ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೊರಗಿನಿಂದ ಬಂದ ನಾಯಿಗಳು ಬೆರೆತದ್ದು ಇಂತಹ ಪರಂಪರೆಯಿದ್ದ ನಾಡಿನಲ್ಲಿ ಎಂಬುದನ್ನು ತಳಿಯ ಚರಿತ್ರೆ ಬರೆದವರು ಸಾಕಷ್ಟು ಪರಿಗಣಿಸಿಲ್ಲ.

ಮುಧೋಳದ ನಾಯಿಯನ್ನು ಉಳಿಸಿ, ಅದಕ್ಕೆ ತನ್ನ ಊರಿನ ಹೆಸರು ದೊರೆಯುವಂತೆ ಮಾಡಿದವರು ಅಲ್ಲಿನ ಸಂಸ್ಥಾನಿಕರಾದ ಘೋರ್ಪಡೆ ಮನೆತನದವರು, ಅದರಲ್ಲಿಯೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಶ್ರೀಮಂತ ರಾಜಾ ಮಾಲೋಜಿರಾವ್ ಘೋರ್ಪಡೆಯವರು. ಸಂಸ್ಥಾನದ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳ ವೇಗ, ಕಸುವುಗಳನ್ನು ಕಂಡು ಅವರು ಆಯ್ದ ನಾಯಿಗಳಿಂದ ತಳಿಯನ್ನು ಅಭಿವೃದ್ಧಿಪಡಿಸಿದರು, ಮತ್ತು ಅದರ ಒಂದು ಜೋಡಿಯನ್ನು ಬ್ರಿಟನ್ನಿನ ಅರಸ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟರು ಎಂಬ ವೃತ್ತಾಂತವು ಪ್ರಚಲಿತವಾಗಿದೆ. ಈ ಕಾಣಿಕೆಯ ವರ್ಷ 1937 ಎಂದು ಹಲವೆಡೆ ಅಚ್ಚಾಗಿರುವುದು ಸರಿಯಲ್ಲ, ಏಕೆಂದರೆ ಆ ಅರಸನು 1936ರ ಜನವರಿಯಲ್ಲಿಯೇ ತೀರಿಕೊಂಡಿದ್ದನು. ಆದರೆ ವರ್ಷಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಆ ವೃತ್ತಾಂತದಲ್ಲಿಯೇ ಅಡಗಿರುವ ಒಪ್ಪಿಗೆ: ರಾಜರು ನಾಯಿಯನ್ನು ಸೃಷ್ಟಿಸಲಿಲ್ಲ, ಬೇಡರ ಮನೆಯಂಗಳದಲ್ಲಿ ಆಗಲೇ ಬೆಳೆದು ನಿಂತಿದ್ದ ನಾಯಿಯನ್ನು ಗುರುತಿಸಿದರು.

ತಳಿಯ ಲಕ್ಷಣಗಳು ಅದರ ಕೆಲಸದ ನೇರ ಫಲ. ಗಂಡುನಾಯಿ ಭುಜದವರೆಗೆ ಸುಮಾರು 68ರಿಂದ 72 ಸೆಂಟಿಮೀಟರ್, ಹೆಣ್ಣುನಾಯಿ ಸುಮಾರು 64ರಿಂದ 68 ಸೆಂಟಿಮೀಟರ್ ಎತ್ತರವಿದ್ದರೂ, ತೂಕ ಮಾತ್ರ 20ರಿಂದ 28 ಕಿಲೋಗ್ರಾಂಗಳ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀಳವಾದ ಕಿರಿದಾದ ತಲೆ, ಕೆನ್ನೆಗಂಟಿ ಇಳಿಬಿದ್ದ ಕಿವಿ, ಉದ್ದನೆಯ ಸ್ನಾಯುಬದ್ಧ ಕುತ್ತಿಗೆ, ಶ್ವಾಸಕೋಶಕ್ಕೆ ಎಡೆಯಾಗುವಂತೆ ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ತೆಳ್ಳಗಿನ ಉದ್ದ ಕಾಲು, ಕೆಳಮುಖವಾಗಿ ಬಂದು ತುದಿಯಲ್ಲಿ ಬಾಗುವ ಬಾಲ ಇವು ಅದರ ಗುರುತುಗಳು. ಪೂರ್ಣ ವೇಗದ ಓಟದಲ್ಲಿ ಪ್ರತಿ ನೆಗೆತಕ್ಕೂ ಎರಡು ಬಾರಿ ಅದರ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಮನೆಯವರೊಡನೆ ಮಾತ್ರ ಸಲಿಗೆ, ಅಪರಿಚಿತರು ಮೈ ಮುಟ್ಟುವುದನ್ನು ಸಹಿಸದ ಬಿಗುವು ಅದರ ಸ್ವಭಾವ. ಗೋಕಾಕ, ಮೂಡಲಗಿಯ ಕುರಿಗಾರರಲ್ಲಿ ಅನೇಕರು ಈ ರಕ್ತ ಬೆರೆತ ನಾಯಿಯನ್ನು ಹಟ್ಟಿಯಲ್ಲಿ ಇಟ್ಟುಕೊಂಡರು, ಏಕೆಂದರೆ ತೋಳವನ್ನು ಓಟದಲ್ಲಿ ಹಿಡಿಯಬಲ್ಲ ನಾಯಿಯೊಂದು ಕಾವಲಿನ ನಾಯಿಗಳ ಜೊತೆಗಿದ್ದರೆ ಎರಡೂ ಕೆಲಸಗಳು ಕೂಡಿಬರುತ್ತವೆ.

ಕುರಿಗಾರರ ಧಾರ್ಮಿಕ ಲೋಕದಲ್ಲಿ ನಾಯಿಗೆ ದೊರೆತ ಗೌರವ ಅರಮನೆಯ ಗೌರವಕ್ಕಿಂತ ಹಳೆಯದು, ಆಳವಾದದ್ದು. ಕುದುರೆಯೇರಿ ಬರುವ ಮೈಲಾರಲಿಂಗನ, ಮರಾಠಿ ಸೀಮೆಯ ಖಂಡೋಬನ ಜೊತೆಯಲ್ಲಿ ನಾಯಿಯೂ ಶಿಲ್ಪಗಳಲ್ಲಿ ಕಾಣಿಸುತ್ತದೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಮಂಗಸೂಳಿಯು ಈ ದೇವರ ಪ್ರಸಿದ್ಧ ಕ್ಷೇತ್ರಗಳಲ್ಲಿ ಒಂದಾಗಿದ್ದು, ಕನ್ನಡ, ಮರಾಠಿ ಎರಡೂ ಭಾಷೆಯ ಭಕ್ತರು ಅಲ್ಲಿಗೆ ನಡೆದುಕೊಳ್ಳುತ್ತಾರೆ. ಮೈಲಾರನ ಸೇವಕರಾದ ಗೊರವಯ್ಯರು, ವಗ್ಗಯ್ಯರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಂಡು, ಕರಿಕಂಬಳಿ ಹೊದ್ದು, ದೋಣಿಸೇವೆಯಲ್ಲಿ ನಾಯಿಯಂತೆ ಬೊಗಳಿ ಪಾತ್ರೆಗೆ ಬಾಯಿ ಹಚ್ಚಿ ಪ್ರಸಾದ ಸ್ವೀಕರಿಸುತ್ತಾರೆ. ನಾಯಿಯೆಂಬುದು ಬೈಗುಳವಾಗಿರುವ ಸಮಾಜದಲ್ಲಿಯೇ ಒಂದು ಸಮುದಾಯವು ತನ್ನ ಪರಮನಿಷ್ಠೆಗೆ ನಾಯಿಯನ್ನು ಪ್ರತೀಕವಾಗಿ ಆರಿಸಿಕೊಂಡಿತು. ಹಿಂಡನ್ನು ಕಾಯುವ ದೇವರ ಹತ್ತಿರ ಇರಬೇಕಾದವನು ಹಿಂಡನ್ನು ಕಾಯುವವನೇ ಎಂಬ ಅನುಭವ ಅದರ ಹಿಂದಿದೆ.

19ನೆಯ ಶತಮಾನದ ಉತ್ತರಾರ್ಧವು ಬೇಡರ ಬೇಟೆನಾಯಿ, ಕುರುಬರ ಕಾವಲು ನಾಯಿ ಎರಡರ ಬದುಕನ್ನೂ ಅಲುಗಿಸಿತು. 1857ರಲ್ಲಿ ಬ್ರಿಟಿಷರು ಜಾರಿಗೆ ತಂದ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಊರಿಗೆ ಬೆಂಕಿ ಬಿತ್ತು, ನಾಯಕರನ್ನು ಗಲ್ಲಿಗೇರಿಸಲಾಯಿತು. ಆಯುಧವಿಲ್ಲದ ಬೇಟೆಗಾರನಿಗೆ ನಾಯಿಯೊಂದೇ ಉಳಿಯಿತು. 1876ರಿಂದ 1878ರವರೆಗಿನ ಭೀಕರ ಬರಗಾಲವು ಮುಂಬಯಿ ಪ್ರಾಂತದ ಈ ಜಿಲ್ಲೆಗಳಲ್ಲಿ ಜನರನ್ನೂ ದನಕರುಗಳನ್ನೂ ಬಲಿ ತೆಗೆದುಕೊಂಡಿತು, ಮತ್ತು 1878ರಲ್ಲಿಯೇ ಬಂದ ಭಾರತೀಯ ಅರಣ್ಯ ಕಾಯಿದೆಯು ಸರ್ಕಾರವು ಕಾದಿರಿಸಿದ ಅರಣ್ಯಗಳಲ್ಲಿ ಮೇಯಿಸುವುದಕ್ಕೆ ನಿರ್ಬಂಧ ಹೇರುವ ಅಧಿಕಾರವನ್ನು ಕೊಟ್ಟಿತು. ಗುಡ್ಡದ ಮೇವು ಹಕ್ಕಾಗಿದ್ದುದು ಪರವಾನಗಿಯ ವಿಷಯವಾಯಿತು.

ಆ ನಂತರದ ಬದಲಾವಣೆ ನೀರಿನದು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ತಲೆಯೆತ್ತಿತು. ಅದೇ ಶತಮಾನದ ಕೊನೆಯ ವೇಳೆಗೆ ಧೂಪದಾಳದ ಒಡ್ಡು ಮತ್ತು ಗೋಕಾಕ ಕಾಲುವೆ ಬಂದವು. ಸ್ವಾತಂತ್ರ್ಯಾನಂತರ ಹಿಡಕಲ್ ಅಣೆಕಟ್ಟು ಕಟ್ಟಲ್ಪಟ್ಟು ಘಟಪ್ರಭೆಯ ಕಾಲುವೆಗಳು ವಿಸ್ತರಿಸಿದಂತೆ, ಒಂದೇ ಬೆಳೆಯ ಜೋಳದ ಹೊಲಗಳು ವರ್ಷವಿಡೀ ಹಸಿರಾಗಿರುವ ಕಬ್ಬಿನ ಗದ್ದೆಗಳಾದವು. ರೈತನಿಗೆ ಇದು ಏಳಿಗೆಯ ಕತೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕುರಿಗಾರನಿಗೆ ಸುಗ್ಗಿಯ ನಂತರ ತೆರವಾಗುವ ಹೊಲವೇ ಇಲ್ಲದಾಯಿತು. ಗಾಯರಾಣ ಎಂದು ಮುಂಬಯಿ ಕರ್ನಾಟಕದಲ್ಲಿ ಕರೆಯಲಾಗುವ ಊರೊಟ್ಟಿನ ಗೋಮಾಳಗಳು ಸಾಗುವಳಿಗೂ ಕಟ್ಟಡಗಳಿಗೂ ಹಂಚಿಹೋದವು. ಚೀಲದ ಗೊಬ್ಬರ ಬಂದ ಮೇಲೆ ಕುರಿ ತರುಬುವ ಒಪ್ಪಂದ ಸಡಿಲವಾಯಿತು. ಕಂಬಳಿಗೆ ಗಿರಾಕಿ ತಗ್ಗಿ, ಉಣ್ಣೆಯ ದಖ್ಖನಿ ಕುರಿಗೆ ಬದಲಾಗಿ ಮಾಂಸಕ್ಕೆ ಬೆಲೆ ತರುವ ಎತ್ತರದ ಕುರಿಗಳು ಹಟ್ಟಿಗೆ ಬಂದವು. ಹೀಗಾದರೂ ತೋಳ ಹೋಗಲಿಲ್ಲವಾದ್ದರಿಂದ ನಾಯಿಯ ಅಗತ್ಯ ಉಳಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿರ್ಬಂಧಿಸಿ, ತೋಳವನ್ನು ಅತ್ಯುನ್ನತ ರಕ್ಷಣೆಯ ಮೊದಲನೆಯ ಅನುಸೂಚಿಯಲ್ಲಿ ಇರಿಸಿತು. ಚಿಂಕಾರ, ಕೃಷ್ಣಮೃಗ, ಮೊಲಗಳನ್ನು ಬೆನ್ನಟ್ಟುವುದೇ ಕಸುಬಾಗಿದ್ದ ಮುಧೋಳದ ನಾಯಿ ಒಮ್ಮೆಲೇ ಕೆಲಸವಿಲ್ಲದ ನಾಯಿಯಾಯಿತು. ಈಗ ಮುಧೋಳ, ಬೀಳಗಿ ತಾಲೂಕುಗಳ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿಯೇ ವನ್ಯಜೀವಿಧಾಮವಿದೆ, ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿ ಧಾಮವಾಗಿದೆ. ಬೇಟೆನಾಯಿಯು ಸಾಕಣೆ ಮತ್ತು ಮಾರಾಟದ ನಾಯಿಯಾಗಿ, ಪ್ರದರ್ಶನಗಳ ನಾಯಿಯಾಗಿ, ಕೊನೆಗೆ ರಾಷ್ಟ್ರದ ಹೆಮ್ಮೆಯ ನಾಯಿಯಾಗಿ ಹೊಸ ಜೀವನ ಪಡೆಯಿತು. 2005ರಲ್ಲಿ ಅಂಚೆ ಇಲಾಖೆಯು ನಾಲ್ಕು ದೇಸಿ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ರಾಂಪುರ, ರಾಜಪಾಳಯಂ ನಾಯಿಗಳ ಜೊತೆಗೆ ಮುಧೋಳದ ನಾಯಿಯೂ ಹಿಮಾಲಯದ ಕುರಿನಾಯಿಯೂ ಅದರಲ್ಲಿದ್ದವು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಆರಂಭವಾಯಿತು. 2016ರಲ್ಲಿ ಅಲ್ಲಿಂದ ಆಯ್ದ ಮರಿಗಳು ಮೀರತ್‌ನಲ್ಲಿರುವ ಭೂಸೇನೆಯ ತರಬೇತಿ ಕೇಂದ್ರಕ್ಕೆ ಹೋದವು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದಲ್ಲಿ ಮೊದಲ ಬಾರಿಗೆ ನಾಯಿತಳಿಗಳನ್ನು ನೋಂದಾಯಿಸಿದಾಗ ರಾಜಪಾಳಯಂ, ಚಿಪ್ಪಿಪಾರೈಗಳ ಜೊತೆ ಮುಧೋಳವೂ ಪಟ್ಟಿಯನ್ನು ಸೇರಿತು. 2025ರ ಆರಂಭದಲ್ಲಿ ಪ್ರಕಟವಾದ ಹೊಸ ತಳಿಗಳ ಪಟ್ಟಿಯಲ್ಲಿ ಹಿಮಾಚಲದ ಗದ್ದಿ ನಾಯಿಯೂ ಸ್ಥಾನ ಪಡೆಯಿತು.

ಗದ್ದಿ ನಾಯಿಯ ನೋಂದಣಿಯು ಘಟಪ್ರಭೆಯ ಸೀಮೆಗೆ ನೇರವಾಗಿ ಸಂಬಂಧಿಸಿದ ಸಂಗತಿ, ಏಕೆಂದರೆ ಅರಮನೆಯ ನಂಟಿಲ್ಲದ, ಬಣ್ಣ ಗಾತ್ರಗಳಲ್ಲಿ ವೈವಿಧ್ಯವಿರುವ, ಕುರಿಗಾರರೇ ಬೆಳೆಸಿದ ಕಾವಲು ನಾಯಿಯೊಂದನ್ನು ವಿಜ್ಞಾನವು ತಳಿಯೆಂದು ಒಪ್ಪಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಅಂತಹ ನೋಂದಣಿಗೆ ತಳಿಯ ಮೂಲಪ್ರದೇಶ, ಅದನ್ನು ಸಾಕಿದ ಸಮುದಾಯ, ಮೈಯಳತೆ, ಸಂಖ್ಯೆ, ಸಾಕಣೆಯ ವಿಧಾನ, ವಂಶವಾಹಿಗಳ ವಿಶ್ಲೇಷಣೆ ಇವೆಲ್ಲವೂ ಬೇಕು. ಗೋಕಾಕದ ಗುಡ್ಡಗಳಲ್ಲಿ, ಮೂಡಲಗಿಯ ಬಯಲಿನಲ್ಲಿ, ಹುಕ್ಕೇರಿಯ ಪಶ್ಚಿಮದ ಇಳಿಜಾರುಗಳಲ್ಲಿ ಹಿಂಡುಗಳ ಜೊತೆ ಇನ್ನೂ ನಡೆಯುತ್ತಿರುವ ನಾಯಿಗಳನ್ನು ಹೀಗೆ ಅಳೆಯಬೇಕಾದ ಹೊತ್ತು ಈಗಲೇ. ಹೆಸರುವಾಸಿ ತಳಿಯ ಮರಿಗಳಿಗೆ ಬೆಲೆ ಏರಿದಂತೆಲ್ಲ ಹಟ್ಟಿಯ ಹೆಣ್ಣುನಾಯಿಗಳಿಗೆ ಹೊರಗಿನ ಗಂಡುನಾಯಿಗಳನ್ನು ಕೂಡಿಸುವುದು ಹೆಚ್ಚುತ್ತದೆ, ಅದರಿಂದ ಮೊದಲು ಕಳೆದುಹೋಗುವುದು ಬೆನ್ನಟ್ಟುವುದನ್ನು ನಿಲ್ಲಿಸಿ ಹಿಂತಿರುಗುವ ಆ ಗುಣವೇ.

ಇದರೊಡನೆ ಸೇರಿದ ಮತ್ತೊಂ​ದು ತುರ್ತು ರೋಗದ್ದು. ಊರಿನ ಬೀದಿನಾಯಿಗಳಿಂದ ಹಟ್ಟಿಯ ನಾಯಿಗೂ, ಅದರಿಂದ ತೋಳಕ್ಕೂ ಹುಚ್ಚುನಾಯಿ ರೋಗ ಮತ್ತು ಡಿಸ್ಟೆಂಪರ್ ಎಂಬ ವೈರಾಣು ಜ್ವರ ಹರಡಬಲ್ಲವು. ಕಚ್ಚಾಟದಲ್ಲಿ ಗಾಯಗೊಂಡ ಒಂದು ನಾಯಿಯಿಂದ ಹಿಂಡಿಗೂ ಕುರಿಗಾರನ ಮಕ್ಕಳಿಗೂ ಅಪಾಯ ತಪ್ಪಿದ್ದಲ್ಲ. ತೋಳವು ನಾಯಿಯೊಡನೆ ಕೂಡಿ ಬೆರಕೆ ಸಂತಾನ ಹುಟ್ಟುವುದೂ ದಖ್ಖನಿನಲ್ಲಿ ಕಂಡುಬಂದಿದೆ. ಪಶುವೈದ್ಯ ಇಲಾಖೆಯ ಲಸಿಕೆ ಶಿಬಿರಗಳು ಊರಿನಲ್ಲಿ ನಡೆಯುವುದರಿಂದ ವರ್ಷದ ಬಹುಭಾಗ ಊರಿನಾಚೆಯಿರುವ ಹಟ್ಟಿಯ ನಾಯಿ ಅದರಿಂದ ಹೊರಗುಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಹಿಂಡುಗಳು ಊರ ಸಮೀಪದ ಹೊಲಗಳಿಗೆ ಬಂದು, ಹಟ್ಟಿಯಲ್ಲಿ ಪೂಜೆ ನಡೆಯುವ ದಿನಗಳಲ್ಲಿ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕುವ ಸಿಬ್ಬಂದಿಯೇ ನಾಯಿಗಳಿಗೂ ಚುಚ್ಚುಮದ್ದು ಹಾಕಿ, ಅದೇ ಭೇಟಿಯಲ್ಲಿ ಎತ್ತರ, ಬಣ್ಣ, ಕಿವಿ, ಬಾಲಗಳ ವಿವರವನ್ನೂ ಯಾವ ಹಟ್ಟಿಯ ಯಾವ ತಾಯಿಯ ಕುನ್ನಿಯೆಂಬುದನ್ನೂ ಬರೆದುಕೊಂಡರೆ, ನೋಂದಣಿಗೆ ಬೇಕಾದ ಮೊದಲ ಕಡತವು ಹೆಚ್ಚಿನ ಖರ್ಚಿಲ್ಲದೆ ಮೂರೂ ತಾಲೂಕುಗಳಲ್ಲಿ ಸಿದ್ಧವಾಗುತ್ತದೆ.